ಕಾರ್ಡಿನಿಂದ ಹೊರಬರುವ ಸಿಗ್ನಲ್ ಶುದ್ಧವಾಗಿರಬೇಕಾದರೆ

(ಭೌತವಿಜ್ಞಾನ ಮತ್ತು ಎಲೆಕ್ಟ್ರಾನಿಕ್ಸ್ ಅಧ್ಯಾಪಕರು ಹಾಗೂ ಸಂಶೋಧನಾ ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

ಮಾನ್ಯರೇ,

ಡೇಟಾ ಅಕ್ವಿಸಿಷನ್ ಕಾರ್ಡ್ (ಪ್ರಯೋಗದ ವೋಲ್ಟೇಜನ್ನು ಕಂಪ್ಯೂಟರಿಗೆ ಓದಿಕೊಡುವ, ಕಂಪ್ಯೂಟರ್ ಹೇಳಿದ ವೋಲ್ಟೇಜನ್ನು ಹೊರಬಿಡುವ ಸಾಧನ) ಎಂದೊಡನೆ ನಮ್ಮ ಪ್ರಯೋಗಾಲಯಗಳಲ್ಲಿ ಎಲ್ಲರ ಗಮನ ಹರಿಯುವುದು ಅದರ ಇನ್‌ಪುಟ್ ಕಡೆಗೆ. ಸೆನ್ಸರಿನಿಂದ ಬರುವ ವೋಲ್ಟೇಜನ್ನು ಎಷ್ಟು ವೇಗದಲ್ಲಿ ಓದಬೇಕು, ಅದರಲ್ಲಿನ ನಾಯ್ಸ್ (ಬೇಡದ ಏರಿಳಿತ) ತಗ್ಗಿಸುವುದು ಹೇಗೆ ಎಂಬ ವಿಷಯಗಳಿಗೆ ತರಗತಿಗಳೂ ಇವೆ, ಪಠ್ಯವೂ ಇದೆ. ಅದೇ ಕಾರ್ಡಿನ ಅಂಚಿನಲ್ಲಿ ಸಾಮಾನ್ಯವಾಗಿ ಎರಡು ಅನಲಾಗ್ ಔಟ್‌ಪುಟ್ ಟರ್ಮಿನಲ್‌ಗಳೂ ಇರುತ್ತವೆ. ಕಂಪನ ಪರೀಕ್ಷೆಯ ಶೇಕರ್‌ಗೆ, ಪೀಜೋ ಸ್ಫಟಿಕಕ್ಕೆ, ವಿದ್ಯುದ್ರಸಾಯನ ಕೋಶದ ಎಲೆಕ್ಟ್ರೋಡಿಗೆ, ಲಾಕ್-ಇನ್ ಆಂಪ್ಲಿಫೈಯರ್ ಬಳಸಿ ರೋಧ ಅಳೆಯುವಾಗ ಆ ವಸ್ತುವಿನ ತುಂಡಿಗೆ ಪ್ರಚೋದನೆ ಹೋಗುವುದು ಅಲ್ಲಿಂದಲೇ. ಕೊಡುವ ಪ್ರಚೋದನೆಯಲ್ಲೇ ಕಲ್ಮಶವಿದ್ದರೆ, ಮುಂದೆ ಎಷ್ಟೇ ಜೋಪಾನವಾಗಿ ಅಳೆದರೂ, ಆ ಕಲ್ಮಶಕ್ಕೆ ವಸ್ತು ತೋರಿದ ಪ್ರತಿಕ್ರಿಯೆಯನ್ನು ನಾವು ವಸ್ತುವಿನ ಗುಣವೆಂದೇ ಬರೆದುಕೊಳ್ಳುತ್ತೇವೆ. ಈ ಕಾರಣಕ್ಕೆ ಔಟ್‌ಪುಟ್ ಬದಿಯನ್ನು ಇನ್‌ಪುಟ್ ಬದಿಗಿಂತಲೂ ಮೊದಲು ಸರಿಪಡಿಸಿಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ.

ಕಾರ್ಡ್ ಕೊಳ್ಳುವಾಗ ನಾವು ಮೊದಲು ಕೇಳುವುದು ಅದು ಎಷ್ಟು ಬಿಟ್‌ಗಳದ್ದು ಎಂದು. ಬಿಟ್‌ಗಳ ಸಂಖ್ಯೆ ಹೇಳುವುದು ಶುದ್ಧತೆಯ ಮೇಲ್ಮಿತಿಯನ್ನು ಮಾತ್ರ. ಆ ಮಿತಿಯ ಹತ್ತಿರಕ್ಕೆ ಹೋಗುತ್ತೇವೆಯೋ, ಅದಕ್ಕಿಂತ ನೂರು ಪಟ್ಟು ಕೆಳಗೆ ಉಳಿಯುತ್ತೇವೆಯೋ ಎಂಬುದು ತೀರ್ಮಾನವಾಗುವುದು ಸ್ಯಾಂಪಲ್‌ಗಳನ್ನು (ತರಂಗದ ಒಂದೊಂದು ಕ್ಷಣದ ಮೌಲ್ಯಗಳನ್ನು) ಹೊರಬಿಡುವ ಗಡಿಯಾರದಲ್ಲಿ, ಅವುಗಳನ್ನು ತುಂಬಿಟ್ಟ ಬಫರಿನಲ್ಲಿ ಮತ್ತು ಟರ್ಮಿನಲ್ ದಾಟಿದ ಮೇಲಿನ ಒಂದೆರಡು ಅಡಿ ತಂತಿಯಲ್ಲಿ. ಇನ್ನೊಂದು ಸಮಾಧಾನದ ಸಂಗತಿಯೂ ಇದೆ. ಪ್ರತಿಯೊಂದು ಕಲ್ಮಶಕ್ಕೂ ಸ್ಪೆಕ್ಟ್ರಮ್‌ನಲ್ಲಿ (ಸಿಗ್ನಲ್‌ನಲ್ಲಿ ಯಾವ ಆವೃತ್ತಿ ಎಷ್ಟಿದೆ ಎಂದು ತೋರಿಸುವ ನಕ್ಷೆಯಲ್ಲಿ) ತನ್ನದೇ ಆದ ಜಾಗವಿರುವುದರಿಂದ, ಅದು ಎಲ್ಲಿ ಕಾಣಿಸಿಕೊಂಡಿದೆ ಎಂದು ನೋಡಿಯೇ ಎಲ್ಲಿಂದ ಬಂದಿದೆ ಎಂದು ಹೇಳಬಹುದು.

ಮಾತು ಗಾಳಿಯಲ್ಲಿ ತೇಲದಂತೆ ಒಂದು ನಿರ್ದಿಷ್ಟ ಕೆಲಸವನ್ನೇ ಎದುರಿಗಿಟ್ಟುಕೊಳ್ಳೋಣ. ನ್ಯಾಷನಲ್ ಇನ್‌ಸ್ಟ್ರುಮೆಂಟ್ಸ್‌ನ ಯುಎಸ್‌ಬಿ-6211 ಅನೇಕ ಪ್ರಯೋಗಾಲಯಗಳಲ್ಲಿರುವ ಕಾರ್ಡ್. ಅದರ ಔಟ್‌ಪುಟ್ 16 ಬಿಟ್‌ಗಳದ್ದು, ವ್ಯಾಪ್ತಿ ಋಣ 10 ವೋಲ್ಟ್‌ನಿಂದ ಧನ 10 ವೋಲ್ಟ್‌ವರೆಗೆ, ಗರಿಷ್ಠ ವೇಗ ಸೆಕೆಂಡಿಗೆ 2,50,000 ಸ್ಯಾಂಪಲ್. ಇದರಿಂದ ಸುಮಾರು 1 ಕಿಲೋಹರ್ಟ್ಸ್ ಆವೃತ್ತಿಯ, 5 ವೋಲ್ಟ್ ಪಾರದ (ಸೊನ್ನೆಯಿಂದ ಶಿಖರದವರೆಗಿನ ಎತ್ತರದ) ಸೈನ್ ತರಂಗವನ್ನು ಸೆಕೆಂಡಿಗೆ 1,00,000 ಸ್ಯಾಂಪಲ್ ವೇಗದಲ್ಲಿ ಹೊರತೆಗೆಯಬೇಕಾಗಿದೆ ಎಂದುಕೊಳ್ಳಿ.

20 ವೋಲ್ಟ್ ವ್ಯಾಪ್ತಿಯನ್ನು 65,536 ಮೆಟ್ಟಿಲುಗಳಾಗಿ ಹಂಚಿದರೆ ಒಂದು ಮೆಟ್ಟಿಲು ಸುಮಾರು 305 ಮೈಕ್ರೋವೋಲ್ಟ್ ಆಗುತ್ತದೆ. ಪೂರ್ತಿ ವ್ಯಾಪ್ತಿ ಬಳಸಿದ ಸೈನ್ ತರಂಗಕ್ಕೆ ಆದರ್ಶ 16 ಬಿಟ್ ಪರಿವರ್ತಕ (ಸಂಖ್ಯೆಯನ್ನು ವೋಲ್ಟೇಜಾಗಿ ಬದಲಿಸುವ ಭಾಗ) ಕೊಡುವ ಸಿಗ್ನಲ್-ನಾಯ್ಸ್ ಅನುಪಾತ ಸುಮಾರು 98 ಡೆಸಿಬೆಲ್. ಇಲ್ಲಿ ‘ಪೂರ್ತಿ ವ್ಯಾಪ್ತಿ ಬಳಸಿದ’ ಎಂಬ ಷರತ್ತನ್ನು ನಾವು ಸುಲಭವಾಗಿ ಮರೆಯುತ್ತೇವೆ. ಸೂಕ್ಷ್ಮ ವಸ್ತುವಿಗೆ 10 ಮಿಲಿವೋಲ್ಟ್ ಪಾರದ ಸಿಗ್ನಲ್ ಬೇಕೆಂದು ಪ್ರೋಗ್ರಾಮಿನಲ್ಲಿ 0.01 ಎಂದು ಬರೆದರೆ, ಆ ಇಡೀ ತರಂಗ ಸುಮಾರು 65 ಮೆಟ್ಟಿಲುಗಳಲ್ಲಿ ಮುಗಿದುಹೋಗುತ್ತದೆ. ಅಂದರೆ 16 ಬಿಟ್‌ಗೆ ಹಣ ಕೊಟ್ಟು 6 ಬಿಟ್ ಬಳಸಿದಂತಾಯಿತು. 98 ಡೆಸಿಬೆಲ್ 38ಕ್ಕೆ ಇಳಿಯಿತು, ನಾಯ್ಸ್ ಸಿಗ್ನಲ್‌ನ ಶೇಕಡಾ ಒಂದನ್ನು ಮೀರಿತು. ಇದಕ್ಕೆ ಪರಿಹಾರ ಹೆಚ್ಚು ಬಿಟ್‌ಗಳ ಕಾರ್ಡ್ ಅಲ್ಲ. ಕಾರ್ಡಿನಿಂದ 10 ವೋಲ್ಟ್ ಪಾರದ ಪೂರ್ಣ ತರಂಗವನ್ನೇ ಹೊರಬಿಟ್ಟು, 10 ಕಿಲೋಓಮ್ ಮತ್ತು 10 ಓಮ್ ರೆಸಿಸ್ಟರ್‌ಗಳ ವಿಭಾಜಕದಿಂದ ಅದನ್ನು 1001ರಲ್ಲಿ ಒಂದು ಪಾಲಿಗೆ ಇಳಿಸಿಕೊಳ್ಳುವುದೇ ಸರಿಯಾದ ದಾರಿ. ಸಿಗ್ನಲ್ ಜೊತೆಗೆ ಕಾರ್ಡಿನ ನಾಯ್ಸ್ ಕೂಡ ಅಷ್ಟೇ ಪಾಲು ಇಳಿಯುತ್ತದೆ, ಕಾರ್ಡ್ ಕೊಡಬೇಕಾದ ಕರೆಂಟ್ 1 ಮಿಲಿಆಂಪಿಯರ್ ಮಾತ್ರ, ಹೊರಗಿನಿಂದ ನೋಡಿದರೆ ಮೂಲದ ರೋಧ ಸುಮಾರು 10 ಓಮ್. ಈ ಎರಡು ರೆಸಿಸ್ಟರ್‌ಗಳನ್ನು ಕಾರ್ಡಿನ ಟರ್ಮಿನಲ್ ಬಳಿ ಕೂರಿಸದೆ ವಸ್ತುವಿನ ಬಳಿ ಕೂರಿಸಬೇಕು. ಆಗ ನಡುವಿನ ಕೇಬಲ್ ಹಿಡಿದುಕೊಂಡ ಗದ್ದಲವೂ ಸಾವಿರದಲ್ಲಿ ಒಂದು ಪಾಲಾಗುತ್ತದೆ. ಕೆಲವೇ ರೂಪಾಯಿಗಳ ಈ ಜೋಡಣೆಯಿಂದ ಆಗುವಷ್ಟು ಉಪಕಾರ ಈ ಇಡೀ ವಿಷಯದಲ್ಲಿ ಮತ್ತಾವುದರಿಂದಲೂ ಆಗುವುದಿಲ್ಲ.

ಇನ್ನು ಗಡಿಯಾರದ ವಿಚಾರ. ಕೆಲವು ಅಗ್ಗದ ಕಾರ್ಡ್‌ಗಳ ಔಟ್‌ಪುಟ್‌ಗೆ ಸ್ವಂತ ಗಡಿಯಾರವೇ ಇರುವುದಿಲ್ಲ. ಅದೇ ಸಂಸ್ಥೆಯ ಯುಎಸ್‌ಬಿ-6008ರಲ್ಲಿ ಔಟ್‌ಪುಟ್ 12 ಬಿಟ್‌ಗಳದ್ದು, 0ಯಿಂದ 5 ವೋಲ್ಟ್‌ವರೆಗಿನದು, ಪ್ರೋಗ್ರಾಮ್ ಒಂದೊಂದು ಮೌಲ್ಯವನ್ನೂ ಬರೆದಾಗ ಮಾತ್ರ ಬದಲಾಗುವಂಥದು, ಅದೂ ಸೆಕೆಂಡಿಗೆ ಹೆಚ್ಚೆಂದರೆ 150 ಬಾರಿ. ಹೀಟರ್‌ನ ಮಟ್ಟ ನಿಗದಿಪಡಿಸಲು ಅಥವಾ ನಿಧಾನವಾಗಿ ಏರುವ ಬಯಾಸ್ ಕೊಡಲು ಅದು ಧಾರಾಳವಾಗಿ ಸಾಕು. ಆದರೆ ಅದರಿಂದ ತರಂಗ ಹೊರಡಿಸುವ ಯತ್ನ ಮಾಡಬಾರದು, ಏಕೆಂದರೆ ಎರಡು ಬರೆಹಗಳ ನಡುವಿನ ಅಂತರ ಆ ಕ್ಷಣದಲ್ಲಿ ಕಂಪ್ಯೂಟರ್ ಬೇರೆ ಯಾವ ಕೆಲಸದಲ್ಲಿದೆ ಎಂಬುದನ್ನು ಅವಲಂಬಿಸಿರುತ್ತದೆ. ತರಂಗ ಬೇಕಿದ್ದರೆ ಹಾರ್ಡ್‌ವೇರ್ ಗಡಿಯಾರವಿರುವ, ಬಫರಿನಿಂದ ಸ್ಯಾಂಪಲ್ ಎತ್ತಿ ಹೊರಬಿಡುವ ಕಾರ್ಡೇ ಬೇಕು.

ಹಾರ್ಡ್‌ವೇರ್ ಗಡಿಯಾರವಿದ್ದರೂ ನಾವು ಕೇಳಿದ ವೇಗವೇ ಸಿಗುತ್ತದೆ ಎಂದೇನಿಲ್ಲ. ಯುಎಸ್‌ಬಿ-6211ರಲ್ಲಿ ಮೂಲ ಗಡಿಯಾರ 20 ಮೆಗಾಹರ್ಟ್ಸ್‌ನದು. ಅದನ್ನು ಒಂದು ಪೂರ್ಣಾಂಕದಿಂದ ಭಾಗಿಸಿದಾಗ ಬರುವ ವೇಗಗಳು ಮಾತ್ರ ಲಭ್ಯ. 1,00,000 ಕೇಳಿದರೆ 200ರಿಂದ ಭಾಗಿಸಿ ಅಷ್ಟನ್ನೇ ಕೊಡುತ್ತದೆ. ಆಡಿಯೋ ಅಭ್ಯಾಸಬಲದಿಂದ 44,100 ಕೇಳಿದರೆ ಭಾಜಕ 453.51 ಆಗಬೇಕಾಗುತ್ತದೆ, ಅದು ಸಾಧ್ಯವಿಲ್ಲದ ಕಾರಣ ಕಾರ್ಡ್ 453ನ್ನೋ 454ನ್ನೋ ಆರಿಸಿಕೊಳ್ಳುತ್ತದೆ. 453 ಆದರೆ ನಿಜವಾದ ವೇಗ 44,150.11, ನಾವು 1000 ಹರ್ಟ್ಸ್ ಎಂದು ಲೆಕ್ಕ ಹಾಕಿ ತುಂಬಿದ ತರಂಗ 1001.14 ಹರ್ಟ್ಸ್ ಆಗಿ ಹೊರಬರುತ್ತದೆ. ಕಿರಿದಾದ ಅನುರಣನ ಶಿಖರವನ್ನು ಹುಡುಕುತ್ತಿರುವವರಿಗೆ ಇದು ಸಣ್ಣ ತಪ್ಪಲ್ಲ. ಪ್ರೋಗ್ರಾಮಿನಲ್ಲಿ ವೇಗವನ್ನು ನಿಗದಿಪಡಿಸಿದ ಮೇಲೆ ಅದನ್ನು ಡ್ರೈವರ್‌ನಿಂದ ಮರಳಿ ಓದಿ, ಓದಿದ ಸಂಖ್ಯೆಯನ್ನೇ ಇಟ್ಟುಕೊಂಡು ತರಂಗದ ಸ್ಯಾಂಪಲ್‌ಗಳನ್ನು ಲೆಕ್ಕ ಹಾಕಬೇಕು.

ಬಫರಿನ ವಿಚಾರವನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ, ಏಕೆಂದರೆ ಅತಿ ಹೆಚ್ಚು ಕಲ್ಮಶ ಹುಟ್ಟುವುದು ಇಲ್ಲಿ, ಅದೂ ಯಾರಿಗೂ ಅನುಮಾನ ಬಾರದ ಹಾಗೆ. ಬಹುತೇಕ ಪ್ರೋಗ್ರಾಮ್‌ಗಳು ಒಂದು ಸಾವಿರ ಸ್ಯಾಂಪಲ್‌ಗಳ ಪಟ್ಟಿ ತಯಾರಿಸಿ, ಅದನ್ನೇ ಮತ್ತೆ ಮತ್ತೆ ಹೊರಬಿಡುವಂತೆ ಕಾರ್ಡಿಗೆ ಹೇಳುತ್ತವೆ. ಸೆಕೆಂಡಿಗೆ 1,00,000 ವೇಗದಲ್ಲಿ ಸಾವಿರ ಸ್ಯಾಂಪಲ್ ಎಂದರೆ 10 ಮಿಲಿಸೆಕೆಂಡ್. 1000 ಹರ್ಟ್ಸ್ ತರಂಗ ಅಷ್ಟರಲ್ಲಿ ಸರಿಯಾಗಿ 10 ಆವರ್ತ ಮುಗಿಸುತ್ತದೆ, ಕೊನೆಯ ಸ್ಯಾಂಪಲ್ ಮೊದಲ ಸ್ಯಾಂಪಲಿಗೆ ಹೊಲಿಗೆ ಕಾಣದಂತೆ ಕೂಡಿಕೊಳ್ಳುತ್ತದೆ. ಈಗ ಆವೃತ್ತಿಯನ್ನು 997 ಹರ್ಟ್ಸ್‌ಗೆ ಬದಲಿಸಿ. ಅದೇ ಬಫರಿನಲ್ಲಿ 9.97 ಆವರ್ತಗಳು ಮಾತ್ರ ಹಿಡಿಯುತ್ತವೆ. ಕೊನೆಯ ಸ್ಯಾಂಪಲ್ ಋಣ 1.24 ವೋಲ್ಟ್‌ನಲ್ಲಿ ನಿಂತಿರುತ್ತದೆ, ಮುಂದಿನದು ಪಟ್ಟಿಯ ಮೊದಲನೆಯದು, ಅಂದರೆ 0 ವೋಲ್ಟ್. ಸೊನ್ನೆಯ ಸುತ್ತಮುತ್ತ ಈ ತರಂಗದ ಸಹಜ ಹೆಜ್ಜೆ 0.31 ವೋಲ್ಟ್ ಆಗಿರುವಾಗ, ಪ್ರತಿ 10 ಮಿಲಿಸೆಕೆಂಡಿಗೊಮ್ಮೆ ನಾಲ್ಕು ಪಟ್ಟು ದೊಡ್ಡ ಜಿಗಿತ ನಡೆಯುತ್ತದೆ. ಆಸಿಲೋಸ್ಕೋಪಿನ ತೆರೆಯ ಮೇಲೆ ಒಂದೆರಡು ಆವರ್ತಗಳನ್ನಷ್ಟೇ ನೋಡುವವರಿಗೆ ಇದು ಕಾಣಿಸುವುದೇ ಇಲ್ಲ.

ಸ್ಪೆಕ್ಟ್ರಮ್ ನೋಡಿದರೆ ಸಂಗತಿ ಇನ್ನೂ ಸ್ಪಷ್ಟವಾಗುತ್ತದೆ. 10 ಮಿಲಿಸೆಕೆಂಡಿಗೊಮ್ಮೆ ಪುನರಾವರ್ತನೆಯಾಗುವ ಯಾವುದೇ ಸಿಗ್ನಲ್‌ನಲ್ಲಿ 100 ಹರ್ಟ್ಸ್‌ನ ಗುಣಕಗಳನ್ನು ಬಿಟ್ಟು ಬೇರೆ ಆವೃತ್ತಿಗಳು ಇರಲು ಸಾಧ್ಯವೇ ಇಲ್ಲ. ನಾವು ಕೇಳಿದ 997 ಹರ್ಟ್ಸ್ ಆ ಸಿಗ್ನಲ್‌ನಲ್ಲಿ ಇಲ್ಲವೇ ಇಲ್ಲ. ಅದರ ಬದಲು 1000 ಹರ್ಟ್ಸ್‌ನಲ್ಲಿ ಒಂದು ದೊಡ್ಡ ಗೆರೆ, 900, 1100, 800, 1200 ಹೀಗೆ ಎರಡೂ ಬದಿಗೆ ಬಾಚಣಿಗೆಯ ಹಲ್ಲುಗಳಂತೆ ಸಣ್ಣ ಗೆರೆಗಳು. ಇಂಥ ಸಮಾನ ಅಂತರದ ಸಾಲು ಎಲ್ಲಿಯಾದರೂ ಕಂಡರೆ, ಆ ಅಂತರವನ್ನು ಬಫರಿನ ಪುನರಾವರ್ತನೆಯ ಆವೃತ್ತಿಯೊಂದಿಗೆ ಹೋಲಿಸಿ ನೋಡಿ. ಎರಡೂ ಒಂದೇ ಆಗಿದ್ದರೆ ಮುಂದಿನ ಹುಡುಕಾಟದ ಅಗತ್ಯವಿಲ್ಲ.

ಆದ್ದರಿಂದ ನಿಯಮವೆಂದರೆ ಬಫರಿನಲ್ಲಿ ಆವರ್ತಗಳು ಪೂರ್ಣಸಂಖ್ಯೆಯಲ್ಲಿ ಇರಬೇಕು. ಅಷ್ಟಕ್ಕೇ ತೃಪ್ತರಾಗದೆ, ಆವರ್ತಗಳ ಸಂಖ್ಯೆಗೂ ಸ್ಯಾಂಪಲ್‌ಗಳ ಸಂಖ್ಯೆಗೂ ಒಂದನ್ನು ಬಿಟ್ಟು ಬೇರೆ ಸಾಮಾನ್ಯ ಅಪವರ್ತನ ಇಲ್ಲದಂತೆ ನೋಡಿಕೊಳ್ಳುವುದು ಇನ್ನೂ ಒಳ್ಳೆಯದು. ಪ್ರತಿ ಆವರ್ತಕ್ಕೆ ಸರಿಯಾಗಿ 100 ಸ್ಯಾಂಪಲ್ ಇರುವ 1000 ಹರ್ಟ್ಸ್ ತರಂಗದಲ್ಲಿ, 305 ಮೈಕ್ರೋವೋಲ್ಟ್ ಮೆಟ್ಟಿಲಿಗೆ ಹೊಂದಿಸುವಾಗ ಆಗುವ ದೋಷ ಪ್ರತಿ ಆವರ್ತದಲ್ಲೂ ಅದೇ ಜಾಗದಲ್ಲಿ ಅದೇ ಪ್ರಮಾಣದಲ್ಲಿ ಮರುಕಳಿಸುತ್ತದೆ. ಹಾಗಾಗಿ ಆ ದೋಷವೆಲ್ಲ 2000, 3000 ಹರ್ಟ್ಸ್ ಮುಂತಾದ, ಮೂಲ ಆವೃತ್ತಿಯ ಗುಣಕಗಳಾದ ಹಾರ್ಮೋನಿಕ್‌ಗಳಲ್ಲೇ ಗುಡ್ಡೆಯಾಗುತ್ತದೆ. ಮೆಟ್ಟಿಲಿನ ದೋಷವನ್ನು ಎಲ್ಲೆಡೆ ಹರಡಿದ ನಾಯ್ಸ್ ಎಂದು ಪರಿಗಣಿಸುವ ಪದ್ಧತಿಗೆ ಬೆಲ್ ಪ್ರಯೋಗಾಲಯದ ಡಬ್ಲ್ಯು. ಆರ್. ಬೆನೆಟ್ 1948ರಲ್ಲಿ ಗಣಿತದ ಬುನಾದಿ ಹಾಕಿದರು. ಆದರೆ ದೋಷ ಹಾಗೆ ಹರಡಬೇಕಾದರೆ ಸಿಗ್ನಲ್ ಒಂದೇ ಕೆಲವು ಬಿಂದುಗಳನ್ನು ಮತ್ತೆ ಮತ್ತೆ ತುಳಿಯಬಾರದು. 997 ಅವಿಭಾಜ್ಯ ಸಂಖ್ಯೆಯಾದ್ದರಿಂದ, 1,00,000 ಸ್ಯಾಂಪಲ್‌ಗಳ ಬಫರಿನಲ್ಲಿ 997 ಆವರ್ತ ತುಂಬಿದರೆ ಪ್ರತಿಯೊಂದು ಸ್ಯಾಂಪಲ್ಲೂ ತರಂಗದ ಬೇರೆ ಬೇರೆ ಬಿಂದುವಿನ ಮೇಲೆ ಬೀಳುತ್ತದೆ. ಆಡಿಯೋ ಉಪಕರಣಗಳ ಪರೀಕ್ಷೆಯಲ್ಲಿ ದುಂಡನೆಯ 1000ದ ಬದಲು 997 ಹರ್ಟ್ಸ್ ಬಳಸುವ ರೂಢಿಯ ಹಿಂದೆ ಇದೇ ಬಗೆಯ ಕಾರಣವಿದೆ.

ಇಲ್ಲಿ ಒಂದು ಪ್ರಾಯೋಗಿಕ ತೊಡಕಿದೆ. ಯುಎಸ್‌ಬಿ-6211ರೊಳಗಿನ ಔಟ್‌ಪುಟ್ ಮೆಮೊರಿಯಲ್ಲಿ ಹಿಡಿಯುವುದು 8,191 ಸ್ಯಾಂಪಲ್ ಮಾತ್ರ. ಒಂದು ಲಕ್ಷದ ಬಫರನ್ನು ಕಂಪ್ಯೂಟರ್ ಯುಎಸ್‌ಬಿ ಮೂಲಕ ನಿರಂತರ ಉಣಿಸುತ್ತಿರಬೇಕು, ನಡುವೆ ಅದು ಬೇರೆ ಕೆಲಸಕ್ಕೆ ತಿರುಗಿ ತಡಮಾಡಿದರೆ ಮೆಮೊರಿ ಬರಿದಾಗಿ ಔಟ್‌ಪುಟ್ ನಿಂತುಹೋಗುತ್ತದೆ. ರಾತ್ರಿಯಿಡೀ ನಡೆಯಬೇಕಾದ ಪ್ರಯೋಗಗಳಿಗೆ ನಾನು ಸೂಚಿಸುವುದು 8,000 ಸ್ಯಾಂಪಲ್‌ಗಳ ಬಫರನ್ನು. ಆಗ ಲಭ್ಯ ಆವೃತ್ತಿಗಳ ಅಂತರ 12.5 ಹರ್ಟ್ಸ್; 79 ಆವರ್ತ ತುಂಬಿದರೆ 987.5 ಹರ್ಟ್ಸ್, 81 ಆವರ್ತ ತುಂಬಿದರೆ 1012.5 ಹರ್ಟ್ಸ್. 79ಕ್ಕಾಗಲಿ 81ಕ್ಕಾಗಲಿ 8,000ದೊಂದಿಗೆ ಸಾಮಾನ್ಯ ಅಪವರ್ತನವಿಲ್ಲ. ಬಫರ್ ಪೂರ್ತಿಯಾಗಿ ಕಾರ್ಡಿನೊಳಗೇ ಕುಳಿತು ತನ್ನಷ್ಟಕ್ಕೆ ಸುತ್ತುತ್ತಿರುತ್ತದೆ, ಕಂಪ್ಯೂಟರಿನ ಹಂಗು ಇರುವುದಿಲ್ಲ. ಎರಡರ ಘಾತದಲ್ಲಿ ಬಫರ್ ಇಟ್ಟುಕೊಳ್ಳುವ ಅಭ್ಯಾಸವಿರುವವರು ಗಮನಿಸಬೇಕು: 8,192 ಈ ಕಾರ್ಡಿನಲ್ಲಿ ಹಿಡಿಯುವುದಿಲ್ಲ, ಒಂದೇ ಒಂದು ಸ್ಯಾಂಪಲ್ ಹೆಚ್ಚಾಗುತ್ತದೆ.

ಬಫರ್ ಸರಿಹೋಯಿತು, ಗಡಿಯಾರ ಸರಿಹೋಯಿತು. ಹಾಗಿದ್ದರೂ ಟರ್ಮಿನಲ್‌ನಿಂದ ಹೊರಬರುವುದು ನುಣುಪಾದ ತರಂಗವಲ್ಲ, ಮೆಟ್ಟಿಲು ಮೆಟ್ಟಿಲಾದ ತರಂಗ. ಪ್ರತಿ ಮೌಲ್ಯವನ್ನೂ ಪರಿವರ್ತಕ ಮುಂದಿನ ಸ್ಯಾಂಪಲ್ ಬರುವವರೆಗೆ ಹಿಡಿದಿಟ್ಟುಕೊಳ್ಳುತ್ತದೆ. ಇದರಿಂದ ಸ್ಯಾಂಪಲ್ ವೇಗದ ಎರಡೂ ಬದಿಗೆ ಸಿಗ್ನಲ್‌ನ ಪ್ರತಿಬಿಂಬಗಳು ಹುಟ್ಟುತ್ತವೆ. ನಮ್ಮ ಉದಾಹರಣೆಯಲ್ಲಿ ಅವು ಸುಮಾರು 99 ಮತ್ತು 101 ಕಿಲೋಹರ್ಟ್ಸ್‌ನಲ್ಲಿ ಇರುತ್ತವೆ. 99 ಕಿಲೋಹರ್ಟ್ಸ್‌ನ ಪ್ರತಿಬಿಂಬ ಮೂಲ ತರಂಗದ 99ರಲ್ಲಿ ಒಂದು ಪಾಲು, ಅಂದರೆ 5 ವೋಲ್ಟ್‌ಗೆ ಸುಮಾರು 50 ಮಿಲಿವೋಲ್ಟ್. ಸ್ಯಾಂಪಲ್ ವೇಗವನ್ನು 10,000ಕ್ಕೆ ಇಳಿಸಿದ್ದರೆ ಪ್ರತಿಬಿಂಬ 9 ಕಿಲೋಹರ್ಟ್ಸ್‌ಗೆ ಬಂದು ಮೂಲದ ಒಂಬತ್ತರಲ್ಲಿ ಒಂದು ಪಾಲಾಗುತ್ತಿತ್ತು. ಸಾಧ್ಯವಾದಷ್ಟು ವೇಗವಾಗಿ ಸ್ಯಾಂಪಲ್ ಬಿಡಿ ಎನ್ನುವುದು ಇದಕ್ಕಾಗಿಯೇ: ಪ್ರತಿಬಿಂಬ ದೂರವೂ ಸರಿಯುತ್ತದೆ, ಕುಗ್ಗುವುದೂ ಕುಗ್ಗುತ್ತದೆ, ಅದನ್ನು ಸೋಸುವ ಫಿಲ್ಟರ್ ಸರಳವಾದರೂ ಸಾಕಾಗುತ್ತದೆ.

ಆ ಸರಳ ಫಿಲ್ಟರ್ ಯಾವುದೆಂದರೆ 1.6 ಕಿಲೋಓಮ್ ರೆಸಿಸ್ಟರ್ ಮತ್ತು 10 ನ್ಯಾನೋಫ್ಯಾರಡ್ ಕೆಪಾಸಿಟರ್. ಇವೆರಡರ ಕಟ್-ಆಫ್, ಅಂದರೆ ಸಿಗ್ನಲ್ ಗಣನೀಯವಾಗಿ ಕುಗ್ಗತೊಡಗುವ ಆವೃತ್ತಿ, ಸುಮಾರು 10 ಕಿಲೋಹರ್ಟ್ಸ್. 99 ಕಿಲೋಹರ್ಟ್ಸ್‌ನ ಪ್ರತಿಬಿಂಬವನ್ನು ಇದು ಹತ್ತನೇ ಒಂದಕ್ಕೆ ಇಳಿಸುತ್ತದೆ, 50 ಮಿಲಿವೋಲ್ಟ್ 5 ಆಗುತ್ತದೆ. ಅದಕ್ಕೆ ತೆರಬೇಕಾದ ಬೆಲೆ 1 ಕಿಲೋಹರ್ಟ್ಸ್‌ನಲ್ಲಿ ಪಾರದಲ್ಲಿ ಅರ್ಧ ಶೇಕಡಾ ಇಳಿಕೆ ಮತ್ತು ಸುಮಾರು 5.7 ಡಿಗ್ರಿ ಫೇಸ್ ಹಿಂದಾಗುವಿಕೆ. ಎರಡೂ ಲೆಕ್ಕಕ್ಕೆ ಸಿಗುವಂಥವು, ಸರಿಪಡಿಸಿಕೊಳ್ಳಬಹುದಾದಂಥವು. ಎರಡನೇ ದರ್ಜೆಯ ಫಿಲ್ಟರ್ ಹಾಕಿದರೆ ಪ್ರತಿಬಿಂಬ ಅರ್ಧ ಮಿಲಿವೋಲ್ಟ್‌ನ ಆಸುಪಾಸಿಗೆ ಇಳಿಯುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ 10 ನ್ಯಾನೋಫ್ಯಾರಡ್ ಎಂದು ಕೇಳಿದರೆ ಸಾಮಾನ್ಯವಾಗಿ ಕೈಗೆ ಬರುವುದು ಸಣ್ಣ ಸೆರಾಮಿಕ್ ಕೆಪಾಸಿಟರ್. ಎಕ್ಸ್7ಆರ್ ಬಗೆಯ ಸೆರಾಮಿಕ್‌ನಲ್ಲಿ ವೋಲ್ಟೇಜ್ ಬದಲಾದಂತೆ ಕೆಪಾಸಿಟೆನ್ಸ್ ಕೂಡ ಬದಲಾಗುವುದರಿಂದ, ಶುದ್ಧಗೊಳಿಸಲು ಹಾಕಿದ ಫಿಲ್ಟರೇ ಹಾರ್ಮೋನಿಕ್‌ಗಳನ್ನು ಹುಟ್ಟಿಸುತ್ತದೆ. ಪಾಲಿಪ್ರೊಪಿಲೀನ್ ಫಿಲ್ಮ್ ಅಥವಾ ಸಿ0ಜಿ ಬಗೆಯ ಸೆರಾಮಿಕ್ ಎಂದು ಹೆಸರು ಹೇಳಿಯೇ ಕೇಳಿ ತರಬೇಕು. ಫಿಲ್ಟರಿನಲ್ಲಿ ಆಪ್-ಆಂಪ್ (ಆಂಪ್ಲಿಫೈಯರ್ ಐಸಿ) ಬಳಸುವವರು ಅದರ ಸ್ಲ್ಯೂ ರೇಟ್ (ಔಟ್‌ಪುಟ್ ಬದಲಾಗಬಲ್ಲ ಗರಿಷ್ಠ ವೇಗ) ನೋಡಬೇಕು: 10 ವೋಲ್ಟ್ ಪಾರದ, 10 ಕಿಲೋಹರ್ಟ್ಸ್ ಸೈನ್ ತರಂಗಕ್ಕೆ ಮೈಕ್ರೋಸೆಕೆಂಡಿಗೆ 0.63 ವೋಲ್ಟ್ ಬೇಕು, ನಮ್ಮ ಕಾಲೇಜುಗಳಲ್ಲಿ ಇಂದಿಗೂ ಮೊದಲು ಕೈಗೆ ಸಿಗುವ 741 ಆಪ್-ಆಂಪ್ ಕೊಡುವುದು ಸುಮಾರು 0.5 ವೋಲ್ಟ್.

ವಿದ್ಯುದ್ರಸಾಯನದವರಿಗೆ ಈ ಮೆಟ್ಟಿಲುಗಳು ಇನ್ನೊಂದು ರೂಪದಲ್ಲಿ ಕಾಡುತ್ತವೆ. ಸೆಕೆಂಡಿಗೆ 50 ಮಿಲಿವೋಲ್ಟ್ ಏರುವ ಸರಳರೇಖೆಯನ್ನು ಈ ಕಾರ್ಡಿನಿಂದ ಹೊರಡಿಸಿದರೆ ಅದು ಸುಮಾರು 6.1 ಮಿಲಿಸೆಕೆಂಡಿಗೊಂದು ಮೆಟ್ಟಿಲಾಗಿರುತ್ತದೆ. ಪ್ರತಿ ಮೆಟ್ಟಿಲಿಗೂ ಎಲೆಕ್ಟ್ರೋಡಿನ ಮೇಲ್ಮೈಯ ದ್ವಿಪದರ (ಕೆಪಾಸಿಟರಿನಂತೆ ವರ್ತಿಸುವ ಅಯಾನುಗಳ ಪದರ) ಚಾರ್ಜ್ ಆಗಿ ಕರೆಂಟ್ ಒಮ್ಮೆ ಚಿಮ್ಮಿ ಇಳಿಯುತ್ತದೆ. ಮೆಟ್ಟಿಲಿನ ಕೊನೆಯಲ್ಲಿ ಕರೆಂಟ್ ಓದಿದರೆ ಕೆಪಾಸಿಟಿವ್ ಭಾಗ ಇರುವುದಕ್ಕಿಂತ ಕಡಿಮೆ ಕಾಣುತ್ತದೆ, ಆರಂಭದಲ್ಲಿ ಓದಿದರೆ ಹೆಚ್ಚು ಕಾಣುತ್ತದೆ. ಸೂಪರ್‌ಕೆಪಾಸಿಟರ್ ವಸ್ತುಗಳ ಮೇಲೆ ಕೆಲಸ ಮಾಡುವವರಿಗೆ ಇದು ನೇರವಾಗಿ ಉತ್ತರವನ್ನೇ ಬದಲಿಸುವ ಸಂಗತಿ.

ಮೆಟ್ಟಿಲಿನ ಅಂಚುಗಳಲ್ಲಿ ಹುಟ್ಟುವ ಗ್ಲಿಚ್ (ಕ್ಷಣಮಾತ್ರದ ವೋಲ್ಟೇಜ್ ಚಿಮ್ಮು) ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಪರಿವರ್ತಕದೊಳಗಿನ ಸ್ವಿಚ್‌ಗಳೆಲ್ಲ ಒಂದೇ ಕ್ಷಣದಲ್ಲಿ ಬದಲಾಗುವುದಿಲ್ಲ. ವ್ಯಾಪ್ತಿಯ ನಟ್ಟನಡುವೆ, ಅಂದರೆ 0 ವೋಲ್ಟ್ ದಾಟುವಾಗ, 16 ಬಿಟ್‌ಗಳೂ ಒಟ್ಟಿಗೆ ತಿರುಗಬೇಕಾಗುವುದರಿಂದ ಅಲ್ಲಿನ ಗ್ಲಿಚ್ ಸಾಮಾನ್ಯವಾಗಿ ಎಲ್ಲಕ್ಕಿಂತ ದೊಡ್ಡದು. ಸೈನ್ ತರಂಗ ಆ ಜಾಗವನ್ನು ಪ್ರತಿ ಆವರ್ತದಲ್ಲೂ ಎರಡು ಬಾರಿ ದಾಟುತ್ತದೆ. ಚಿಕ್ಕ ಸಿಗ್ನಲ್ ಬೇಕಾದಾಗ ಅದನ್ನು ಒಂದೆರಡು ವೋಲ್ಟ್ ಮೇಲಕ್ಕೆತ್ತಿ ಹೊರಡಿಸಿ, ಆ ಡಿಸಿಯನ್ನು ಮುಂದೆ ಕೆಪಾಸಿಟರಿನಿಂದ ತಡೆದರೆ ಆ ಜಾಗದ ಹತ್ತಿರವೇ ಸುಳಿಯಬೇಕಾಗಿಲ್ಲ.

ಸ್ಪೆಕ್ಟ್ರಮ್‌ನಲ್ಲಿ 50, 100, 150 ಹರ್ಟ್ಸ್ ಗೆರೆಗಳು ಕಂಡರೆ ಅದಕ್ಕೂ ಕಾರ್ಡಿನ ಪರಿವರ್ತಕಕ್ಕೂ ಸಂಬಂಧವಿಲ್ಲ, ಅದು ಗ್ರೌಂಡಿನ ಸಮಸ್ಯೆ. ಎರಡು ಪಿನ್ನಿನ ಅಡಾಪ್ಟರ್ ಹಾಕಿದ ಲ್ಯಾಪ್‌ಟಾಪಿನ ಲೋಹದ ಮೈಯನ್ನು ಮುಟ್ಟಿದಾಗ ಜುಮ್ಮೆನ್ನುವುದು ಹಲವರಿಗೆ ಗೊತ್ತು. ಅಡಾಪ್ಟರಿನೊಳಗಿನ ಕೆಪಾಸಿಟರ್ ಮೂಲಕ ಸೋರುವ ಅದೇ ಕರೆಂಟ್ ಯುಎಸ್‌ಬಿ ಕೇಬಲಿನ ಗ್ರೌಂಡ್ ಹಿಡಿದು ಕಾರ್ಡಿಗೆ, ಅಲ್ಲಿಂದ ನಮ್ಮ ಪ್ರಯೋಗಕ್ಕೆ ಇಳಿಯುತ್ತದೆ. ಪರೀಕ್ಷೆ ಸುಲಭ: ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೆ ನಡೆಸಿ ನೋಡಿ, ಗೆರೆಗಳು ಕುಸಿದರೆ ಕಾರಣ ಸಿಕ್ಕಂತಾಯಿತು. ಮೂರು ಪಿನ್ನಿನ ಸಾಕೆಟ್ ಇದ್ದ ಮಾತ್ರಕ್ಕೆ ನೆಮ್ಮದಿಪಡುವಂತಿಲ್ಲ, ಹಳೆಯ ಕಟ್ಟಡಗಳಲ್ಲಿ ಆ ಮೂರನೇ ತೂತಿನ ಹಿಂದೆ ಅರ್ಥಿಂಗ್ ತಂತಿಯೇ ಇರದಿರಬಹುದು, ಎಲೆಕ್ಟ್ರೀಷಿಯನ್ ಕರೆಸಿ ಅಳೆಸಿ ನೋಡಬೇಕು. ಇನ್ನು ಕಾರ್ಡಿನ ಔಟ್‌ಪುಟ್ ಗ್ರೌಂಡ್ ಟರ್ಮಿನಲ್‌ನಿಂದ ಹೊರಟ ತಂತಿ ಸಿಗ್ನಲ್ ತಂತಿಯ ಜೊತೆ ಹೆಣೆದುಕೊಂಡು ನೇರವಾಗಿ ಲೋಡಿಗೇ ಹೋಗಬೇಕು. ಅದೇ ತಂತಿಯಲ್ಲಿ ಮೋಟಾರಿನ ಅಥವಾ ರಿಲೇಯ ಕರೆಂಟ್ ಹರಿಯಬಾರದು. 0.1 ಓಮ್ ತಂತಿಯಲ್ಲಿ 10 ಮಿಲಿಆಂಪಿಯರ್ ಹರಿದರೂ 1 ಮಿಲಿವೋಲ್ಟ್ ಏಳುತ್ತದೆ, ಅದು ನಮ್ಮ ಮೂರು ಮೆಟ್ಟಿಲಿಗೂ ಹೆಚ್ಚು. ಉದ್ದದ ಕೋಆಕ್ಸಿಯಲ್ ಕೇಬಲ್ ಹಾಕುವವರು ಅದು ಮೀಟರಿಗೆ ಸುಮಾರು 100 ಪಿಕೋಫ್ಯಾರಡ್ ಕೆಪಾಸಿಟರ್ ಎಂಬುದನ್ನೂ ನೆನಪಿಡಬೇಕು. ಕಾರ್ಡಿನ ಔಟ್‌ಪುಟ್ ಆಂಪ್ಲಿಫೈಯರ್ ಅದರಿಂದ ತಾನೇ ಆಂದೋಲನಕ್ಕೆ ಬೀಳಬಹುದು, ಸರಣಿಯಲ್ಲಿ 50ರಿಂದ 100 ಓಮ್ ರೆಸಿಸ್ಟರ್ ಹಾಕಿದರೆ ಸಾಮಾನ್ಯವಾಗಿ ಅದು ತಣಿಯುತ್ತದೆ.

ಇಷ್ಟೆಲ್ಲ ಮಾಡಿದ ಮೇಲೆ ಸಿಗ್ನಲ್ ಶುದ್ಧವಾಗಿದೆಯೇ ಎಂದು ಪರೀಕ್ಷಿಸಲು ಅದೇ ಕಾರ್ಡಿನ ಔಟ್‌ಪುಟ್ಟನ್ನು ಅದರ ಇನ್‌ಪುಟ್‌ಗೇ ಜೋಡಿಸಿ ಓದುವುದು ಎಲ್ಲರೂ ಮಾಡುವ ಉಪಾಯ. ಉಪಾಯ ಒಳ್ಳೆಯದೇ, ಆದರೆ ಅದು ಎರಡು ದೋಷಗಳನ್ನು ಮುಚ್ಚಿಡುತ್ತದೆ. ಔಟ್‌ಪುಟ್ಟೂ ಇನ್‌ಪುಟ್ಟೂ ಒಂದೇ ಮೂಲ ಗಡಿಯಾರದಿಂದ ನಡೆಯುವುದರಿಂದ ಆ ಗಡಿಯಾರದ ತಪ್ಪು ಎರಡೂ ಕಡೆ ಸಮನಾಗಿ ಸೇರಿ ಮಾಯವಾಗುತ್ತದೆ. ಎರಡನೆಯದಾಗಿ, ಬಿಡುವ ವೇಗದಲ್ಲೇ ಓದಿದರೆ 99 ಮತ್ತು 101 ಕಿಲೋಹರ್ಟ್ಸ್‌ನ ಪ್ರತಿಬಿಂಬಗಳು ಮಡಚಿಕೊಂಡು ಬಂದು ಮೂಲ ಆವೃತ್ತಿಯ ಮೇಲೇ ಕೂರುತ್ತವೆ. ಫಿಲ್ಟರ್ ಇಲ್ಲದಿದ್ದರೂ ಸ್ಪೆಕ್ಟ್ರಮ್ ನಿರ್ಮಲವಾಗಿ ಕಾಣುತ್ತದೆ. ಸೆಕೆಂಡಿಗೆ 1,00,000 ವೇಗದಲ್ಲಿ ಬಿಟ್ಟು, ಒಂದೇ ಚಾನೆಲ್‌ನಲ್ಲಿ 2,50,000 ವೇಗದಲ್ಲಿ ಓದಿ. ಆಗ 125 ಕಿಲೋಹರ್ಟ್ಸ್‌ವರೆಗೆ ಕಾಣುವುದರಿಂದ ಎರಡೂ ಪ್ರತಿಬಿಂಬಗಳು ತಮ್ಮ ತಮ್ಮ ಜಾಗದಲ್ಲೇ ಸಿಗುತ್ತವೆ. ಓದುವ ಅವಧಿಯಲ್ಲೂ ಆವರ್ತಗಳು ಪೂರ್ಣಸಂಖ್ಯೆಯಲ್ಲಿದ್ದರೆ ವಿಂಡೋ ಹಾಕುವ, ಅಂದರೆ ಓದಿದ ಮೌಲ್ಯಗಳ ಎರಡೂ ತುದಿಗಳನ್ನು ಸೊನ್ನೆಯತ್ತ ಇಳಿಸುವ, ಅಗತ್ಯವಿಲ್ಲ. ಗಡಿಯಾರವನ್ನು ಮಾತ್ರ ಬೇರೆಯೇ ಫ್ರೀಕ್ವೆನ್ಸಿ ಕೌಂಟರಿನಿಂದ ಪರಿಶೀಲಿಸಬೇಕು.

ನಿಲ್ಲಿಸುವ ಕ್ರಮವನ್ನೂ ಹೇಳಬೇಕು. ಪ್ರೋಗ್ರಾಮ್ ಮುಗಿದರೆ ಔಟ್‌ಪುಟ್ ತಾನಾಗಿ ಸೊನ್ನೆಗೆ ಬರುವುದಿಲ್ಲ, ಕೊನೆಗೆ ಬರೆದ ಮೌಲ್ಯದಲ್ಲೇ ನಿಂತುಬಿಡುತ್ತದೆ. ಪಾರವನ್ನು ಹಲವು ಆವರ್ತಗಳ ಕಾಲ ಕ್ರಮೇಣ ಇಳಿಸಿ, ಸೊನ್ನೆ ಬರೆದು, ಆಮೇಲೆ ಕೆಲಸ ಮುಗಿಸುವ ಸಾಲುಗಳನ್ನು ಪ್ರೋಗ್ರಾಮಿನಲ್ಲಿ ದೋಷ ಬಂದಾಗಲೂ ನಡೆಯುವಂಥ ಜಾಗದಲ್ಲಿ ಬರೆಯಬೇಕು. ಶೇಕರ್‌ನ ಅಥವಾ ಪೀಜೋದ ಆಂಪ್ಲಿಫೈಯರನ್ನು ಕಾರ್ಡಿಗೆ ವಿದ್ಯುತ್ ಬಂದ ಮೇಲೆ ಚಾಲೂ ಮಾಡಿ, ಕಾರ್ಡನ್ನು ಆರಿಸುವ ಮೊದಲೇ ಆರಿಸಬೇಕು, ಏಕೆಂದರೆ ವಿದ್ಯುತ್ ಬರುವ ಮತ್ತು ಹೋಗುವ ಕ್ಷಣಗಳಲ್ಲಿ ಔಟ್‌ಪುಟ್ ಒಮ್ಮೆ ಕುಪ್ಪಳಿಸುತ್ತದೆ.

ಉಪನ್ಯಾಸದ ನಂತರ ಬಂದ ಒಂದು ಪ್ರಶ್ನೆಯನ್ನು ಇಲ್ಲಿ ಸೇರಿಸುತ್ತಿದ್ದೇನೆ. ಇಷ್ಟು ದುಬಾರಿ ಕಾರ್ಡ್ ಇಲ್ಲದ ಪದವಿ ಕಾಲೇಜುಗಳು ಏನು ಮಾಡಬೇಕು ಎಂದು ಒಬ್ಬ ಅಧ್ಯಾಪಕಿ ಕೇಳಿದರು. ನವದೆಹಲಿಯ ಇಂಟರ್ ಯೂನಿವರ್ಸಿಟಿ ಆಕ್ಸಿಲರೇಟರ್ ಸೆಂಟರ್ ರೂಪಿಸಿದ ಎಕ್ಸ್‌ಪ್‌ಐಸ್ (ExpEYES) ಉಪಕರಣ ಬಹಳ ಕಡಿಮೆ ವೆಚ್ಚದ್ದು, ಅದರಲ್ಲಿ ಸೈನ್ ತರಂಗದ ಔಟ್‌ಪುಟ್ಟೂ ಪ್ರೋಗ್ರಾಮಿನಿಂದ ನಿಗದಿಪಡಿಸಬಹುದಾದ ಡಿಸಿ ವೋಲ್ಟೇಜೂ ಇವೆ, ಪದವಿ ಮಟ್ಟದ ಪ್ರಯೋಗಗಳಿಗೆ ಅದು ಸಾಕು. ಬರೀ ಆಡಿಯೋ ವ್ಯಾಪ್ತಿಯ ಶುದ್ಧ ತರಂಗ ಬೇಕಿದ್ದರೆ ಒಳ್ಳೆಯ 24 ಬಿಟ್ ಯುಎಸ್‌ಬಿ ಸೌಂಡ್ ಕಾರ್ಡ್ ಸಾಮಾನ್ಯ ಡೇಟಾ ಅಕ್ವಿಸಿಷನ್ ಕಾರ್ಡಿಗಿಂತ ಮೇಲು ಎಂದೇ ಹೇಳುತ್ತೇನೆ, ಏಕೆಂದರೆ ಪ್ರತಿಬಿಂಬಗಳನ್ನು ಅಳಿಸುವ ಫಿಲ್ಟರ್ ಅದರ ಪರಿವರ್ತಕದೊಳಗೇ ಇರುತ್ತದೆ. ಆದರೆ ಹೆಚ್ಚಿನ ಸೌಂಡ್ ಕಾರ್ಡ್‌ಗಳು ಡಿಸಿಯನ್ನು ತಡೆಯುತ್ತವೆ, ವೋಲ್ಟೇಜಿನ ನಿಖರ ಮಟ್ಟವನ್ನು ಖಾತರಿಪಡಿಸುವುದಿಲ್ಲ, ಬೇರೆ ಉಪಕರಣದ ಟ್ರಿಗರ್‌ಗೆ ಹೊಂದಿಕೊಂಡು ಹೊರಡುವುದಿಲ್ಲ. ಈ ಮೂರರಲ್ಲಿ ಒಂದಾದರೂ ಬೇಕಾದ ಪ್ರಯೋಗಕ್ಕೆ ಮಾತ್ರ ಡೇಟಾ ಅಕ್ವಿಸಿಷನ್ ಕಾರ್ಡಿನ ಔಟ್‌ಪುಟ್ಟನ್ನು ಮೀಸಲಿಟ್ಟರೆ ಸಾಕು ಎಂದು ಅವರಿಗೆ ಉತ್ತರಿಸಿದೆ.